ಅಳಿವೆಯ ಹೂಳುಗರಣೆಗಳ ರೂಪವಿಚಾರ

ನದಿಯು ಕಡಲನ್ನು ಕೂಡುವ ಅಳಿವೆಯಲ್ಲಿ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಉಪ್ಪುನೀರಿನಲ್ಲಿ ಅವುಗಳ ಪರಸ್ಪರ ವಿಕರ್ಷಣವು ಕುಗ್ಗುವುದು; ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು ಅವನ್ನು ಬಂಧಿಸುವುದು. ಹೀಗೆ ನೀರನ್ನು ಒಡಲಲ್ಲಿ ತುಂಬಿಕೊಂಡ ಸಡಿಲವಾದ ಗರಣೆಗಳು ಹುಟ್ಟುವುವು. ಬಂದರಿನ ಹೂಳು ಎಲ್ಲಿ ತಂಗುವುದು, ಅದರೊಡನೆ ಇಂಗಾಲವೂ ಕಲ್ಮಷವೂ ಎಲ್ಲಿಗೆ ಸಾಗುವುವು ಎಂಬುದು ಈ ಗರಣೆಗಳು ಮುಳುಗುವ ವೇಗವನ್ನು ಆಶ್ರಯಿಸಿದೆ. ಆ ವೇಗವಾದರೋ ಅವುಗಳ ರಚನೆಯನ್ನು.

1994ರಲ್ಲಿ ಕ್ರಾನೆನ್‌ಬರ್ಗ್ ಎಂಬ ವಿದ್ವಾಂಸರು ಗರಣೆಯನ್ನು ಫ್ರ್ಯಾಕ್ಟಲ್ ಆಕೃತಿಯೆಂದು, ಅರ್ಥಾತ್ ಅಂಶದಲ್ಲಿಯೂ ಸಮಗ್ರದಲ್ಲಿಯೂ ಒಂದೇ ರಚನಾಕ್ರಮವುಳ್ಳುದೆಂದು, ಗ್ರಹಿಸಿ ಅದರ ಗುಣಗಳನ್ನು ಗಣಿಸಿದರು. 1998ರಲ್ಲಿ ವಿಂಟರ್‌ವೆರ್ಪ್ ಅದೇ ಮಾರ್ಗವನ್ನು ಮುಂದುವರಿಸಿದರು. ಪೂರ್ಣ ಘನಕ್ಕೆ ಆಯಾಮವು 3 ಆದರೆ ಗರಣೆಗೆ ಸುಮಾರು 2 ಎಂಬುದು ಬಳಕೆಗೆ ಬಂದಿತು.

ಈ ಒಂದು ಸಂಖ್ಯೆಯ ಮೇಲೆ ಎಷ್ಟು ಭಾರ ಬಿದ್ದಿದೆಯೆಂಬುದನ್ನು ಗಣಿತವೇ ಹೇಳುವುದು. 4 ಮೈಕ್ರಾನಿನ ಕಣಗಳಿಂದಾದ 200 ಮೈಕ್ರಾನಿನ ಗರಣೆಯನ್ನು ತೆಗೆದುಕೊಳ್ಳಬಹುದು. ಆಯಾಮವು 2 ಆದರೆ, ಸಮುದ್ರಜಲಕ್ಕಿಂತ ಅದರ ಸಾಂದ್ರತೆಯು ಘನಮೀಟರಿಗೆ ಸುಮಾರು 32 ಕಿಲೋಗ್ರಾಂ ಮಾತ್ರ ಹೆಚ್ಚು; 2.2 ಆದರೆ ಸುಮಾರು 71. ಅಷ್ಟು ಅಲ್ಪ ವ್ಯತ್ಯಾಸದಿಂದಲೇ ಮುಳುಗುವ ವೇಗವು ಇಮ್ಮಡಿಯನ್ನೂ ಮೀರುವುದು.

2021ರಲ್ಲಿ ಕೇಟ್ ಸ್ಪೆನ್ಸರ್ ಮತ್ತು ಅವರ ಸಹೋದ್ಯೋಗಿಗಳು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಈ ಮತವನ್ನು ಖಂಡಿಸಿದರು. ಗರಣೆಗಳನ್ನು ಚದರದಂತೆ ಸ್ಥಿರಗೊಳಿಸಿ, ಎಕ್ಸ್ ಕಿರಣಗಳಿಂದ ಅವುಗಳ ಒಡಲನ್ನೇ ಮೂರು ಆಯಾಮಗಳಲ್ಲಿ ಚಿತ್ರಿಸಿ, ಪ್ರಾಕೃತಿಕ ಗರಣೆಗಳು ಫ್ರ್ಯಾಕ್ಟಲ್ ಅಲ್ಲವೆಂಬುದು ನಿಸ್ಸಂದಿಗ್ಧವೆಂದು ಸಾರಿದರು. ಖಂಡನದ ಮೂಲವು ಸಾಧುವಾಗಿದೆ. ಅದುವರೆಗೆ ಪ್ರಮಾಣವೆನಿಸಿದ ಚಿತ್ರಗಳು ಬಹುಮಟ್ಟಿಗೆ ನೆರಳುಗಳು. ನೆರಳಿನಲ್ಲಿ ಒಳಗಿನ ಪೊಳ್ಳು ಕಾಣದು. ಜೀವಿಗಳ ಅಂಟೂ ಖನಿಜಗಳೂ ಬೆರೆತ ವಸ್ತುವು ಎಲ್ಲ ಪ್ರಮಾಣಗಳಲ್ಲಿಯೂ ಒಂದೇ ಕ್ರಮವನ್ನು ಅನುಸರಿಸಬೇಕೆಂಬ ನಿಯಮವೂ ಇಲ್ಲ.

ಆದರೆ ‘ನಿಸ್ಸಂದಿಗ್ಧ’ವೆಂಬ ಮಾತು ಸಾಕ್ಷ್ಯಕ್ಕಿಂತ ದೊಡ್ಡದಾಯಿತು. ನೀರಿನಲ್ಲಿ ಗರಣೆಯು ಭರತ ಇಳಿತಗಳೊಡನೆ ಕೂಡುತ್ತ ಒಡೆಯುತ್ತ ಇರತಕ್ಕದ್ದು. ಸ್ಥಿರಗೊಳಿಸಿದ ಗರಣೆಯು ಅದರ ಒಂದು ಕ್ಷಣ ಮಾತ್ರ. ಮೇಲಾಗಿ, ಗಾತ್ರಕ್ಕೆ ಬದಲಾಗಿ ರಚನೆ ಮತ್ತು ಕಾರ್ಯಗಳಿಂದ ಗರಣೆಗಳನ್ನು ವರ್ಗೀಕರಿಸಬೇಕೆಂದು ಅವರು ದಾರಿಯನ್ನು ತೋರಿಸಿರುವರೇ ಹೊರತು, ಹಳೆಯ ಸೂತ್ರದ ಸ್ಥಾನದಲ್ಲಿ ವೇಗವನ್ನು ಗಣಿಸಬಲ್ಲ ಹೊಸ ಸೂತ್ರವನ್ನು ಇರಿಸಿಲ್ಲ. ಹೂಳೆತ್ತುವ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ಕೇಳುವ ಬಂದರಿನವನಿಗೆ ವರ್ಗೀಕರಣದಿಂದ ಉತ್ತರ ದೊರೆಯದು. ಆದುದರಿಂದ ಆ 2 ಎಂಬುದನ್ನು ಗರಣೆಯ ಸ್ವರೂಪವೆನ್ನದೆ, ಆಯಾ ಅಳಿವೆಗೆ ಅಳತೆಯಿಂದ ಹೊಂದಿಸಿಕೊಂಡ ಸರಾಸರಿಯ ಗುಣಕವೆಂದು ಗಣಿಸುವುದೇ ಸದ್ಯಕ್ಕೆ ಯುಕ್ತ. ವೇಗವನ್ನು ಅಳೆದ ಗರಣೆಯನ್ನೇ ಹಿಡಿದು ಅದರ ಒಡಲನ್ನು ಚಿತ್ರಿಸುವ ಪ್ರಯೋಗಗಳು, ಹಲವು ಅಳಿವೆಗಳಲ್ಲಿ, ಹೇರಳವಾಗಿ ನಡೆದಲ್ಲದೆ ಈ ವಿವಾದವು ತೀರುವಂತಿಲ್ಲ.