ಸಾಧಕರ ಕುರ್ಚಿ ಮತ್ತು ನಮ್ಮ ಮೇಷ್ಟ್ರು

ಅನ್ನಪೂರ್ಣೇಶ್ವರಿ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರಮ್ಮ ಬಹಳ ಮೆತ್ತನೆ ಮನಸ್ಸಿನವರು. ಶನಿವಾರ, ಭಾನುವಾರ ರಾತ್ರಿ ಟಿವಿಯಲ್ಲಿ 'ವೀಕೆಂಡ್ ವಿತ್ ರಮೇಶ್' ಶುರುವಾದರೆ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತುಬಿಡೋರು. ಹರಿದ ಚಡ್ಡಿ, ಬುಡ್ಡಿ ದೀಪದ ಓದು, ಹಸಿದು ಮಲಗಿದ ರಾತ್ರಿ, ಯಾರ ಬಾಯಿಂದ ಬಂದರೂ ಆ ತಾಯಿಗೆ ಅಳು ತಡೆಯುತ್ತಿರಲಿಲ್ಲ. ಮನೆ ಕೇಳಲು ಹೋದ ದಿನ ಅದೇ ತಾಯಿ ನಮ್ಮವ್ವನನ್ನು ಮೇಲಿಂದ ಕೆಳಗೆ ನೋಡಿ 'ನೀವು ಯಾವ ಜನ?' ಅಂದಿದ್ದರು. ಅವ್ವ 'ಮಂಡ್ಯದ ಕಡೇರು' ಅಂತ ಊರು ಹೇಳಿ ಜಾರಿಕೊಂಡಳು. ಮನೆ ಸಿಕ್ಕಿತು.

ಬಡತನ ಕಂಡರೆ ಅಳು, ಜಾತಿ ಕಂಡರೆ ಬಾಗಿಲು. ಇವೆರಡೂ ಒಂದೇ ಎದೆಯಲ್ಲಿ ಜಗಳವಾಡದೆ ಹೇಗೆ ಇರುತ್ತವೆ ಅಂತ ನಾನು ಬಹಳ ದಿನ ಯೋಚಿಸಿದ್ದೇನೆ. ಈ ಕಾರ್ಯಕ್ರಮ ಆ ಎದೆಯನ್ನು ವಾರವಾರವೂ ಸವರಿ ಸಮಾಧಾನ ಮಾಡುತ್ತದೆ ಎಂಬುದು ನನ್ನ ಗುಮಾನಿ.

ಜೀ ಕನ್ನಡದಲ್ಲಿ ಇದು ಶುರುವಾದದ್ದು 2014ರ ಆಗಸ್ಟ್ 2ರಂದು. ಮೊದಲು ಬಂದು ಕೂತವರು ಪುನೀತ್ ರಾಜ್‌ಕುಮಾರ್. 2023ರ ಹೊತ್ತಿಗೆ ಐದು ಸೀಸನ್ನು ಮುಗಿದವು. ಕಟ್ಟುವ ರೀತಿ ಸರಳ. ಅತಿಥಿಯನ್ನು ಸಾಧಕರ ಕುರ್ಚಿಯಲ್ಲಿ ಕೂರಿಸುತ್ತಾರೆ. ಬಾಲ್ಯದ ಗೆಳೆಯ, ಕಲಿಸಿದ ಮೇಷ್ಟ್ರು, ಅನ್ನ ಹಾಕಿದ ಅಕ್ಕ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಮೊದಲು ದನಿ, ಆಮೇಲೆ ಮುಖ, ಆಮೇಲೆ ಅಪ್ಪುಗೆ. ರಮೇಶ್ ಅರವಿಂದ್ ಒಳ್ಳೆಯ ಕೇಳುಗರು, ಇದನ್ನು ಒಪ್ಪಲೇಬೇಕು. ಮಾತಿನ ನಡುವೆ ಬಾಯಿ ಹಾಕುವುದಿಲ್ಲ, ಯಾರನ್ನೂ ಗೇಲಿ ಮಾಡುವುದಿಲ್ಲ. ನನ್ನ ತಕರಾರು ಅವರ ಸೌಜನ್ಯದ ಮೇಲಲ್ಲ. ಆ ಸೌಜನ್ಯ ಎಲ್ಲಿಗೆ ಬಂದು ನಿಲ್ಲುತ್ತದೆ ಎನ್ನುವುದರ ಮೇಲೆ.

2017ರಲ್ಲಿ ಸಿದ್ದರಾಮಯ್ಯನವರು ಕೂತರು. ಆಗ ಅವರು ಮುಖ್ಯಮಂತ್ರಿ. ಸಿದ್ದರಾಮನಹುಂಡಿಯ ಹುಡುಗ, ವೀರಮಕ್ಕಳ ಕುಣಿತ ಕುಣಿದವನು, ತಡವಾಗಿ ಶಾಲೆ ಮೆಟ್ಟಿಲು ಹತ್ತಿದವನು ನಾಡನ್ನೇ ಆಳಿದ. ಕಣ್ಣು ತುಂಬಿ ಬರುವ ಕತೆಯೇ, ನನಗೂ ಬಂತು. ಆದರೆ ಈ ಕತೆಗೆ ದೇವರಾಜ ಅರಸರ ಕಾಲವೆಂಬ ಒಂದು ನೆಲವಿದೆ. 1975ರ ಹಾವನೂರು ವರದಿ ಇದೆ, ಸಮಾಜವಾದಿ ಚಳವಳಿ ಇದೆ. ಹಿಂದುಳಿದವರ ಮಕ್ಕಳು ಹಾಸ್ಟೆಲ್ಲಿನ ಮುದ್ದೆ ತಿಂದು ಡಿಗ್ರಿ ಮಾಡಿದ ಸಾಲು ಸಾಲು ವರ್ಷಗಳಿವೆ. ಹಾವನೂರು ವರದಿ ಪರದೆ ಹಿಂದಿನಿಂದ ಓಡಿಬಂದು ತಬ್ಬಿಕೊಳ್ಳಲಾರದು ನೋಡಿ. ಹಾಗಾಗಿ ಹತ್ತಿದವನು ಮಾತ್ರ ವೇದಿಕೆಗೆ, ಏಣಿ ಗೋಡೌನಿಗೆ. ಏಣಿ ಕಾಣದಿದ್ದರೆ ಹತ್ತದವರೆಲ್ಲ ಸೋಮಾರಿಗಳು ಅಂತಲೇ ಅರ್ಥ. ಓನರಮ್ಮ ಅತ್ತು ಹಗುರಾಗಿ ಮಲಗುವುದು ಈ ಅರ್ಥದ ದಿಂಬಿನ ಮೇಲೆ.

ಇದು ರಮೇಶರು ಕಂಡುಹಿಡಿದ ಪದ್ಧತಿ ಏನಲ್ಲ. 1972ರಿಂದ 1993ರವರೆಗೆ ದೂರದರ್ಶನದಲ್ಲಿ ತಬಸ್ಸುಮ್ 'ಫೂಲ್ ಖಿಲೇ ಹೈ ಗುಲ್ಶನ್ ಗುಲ್ಶನ್' ನಡೆಸಿದರು. ಅದು ಸಿನಿಮಾದವರ ಜೊತೆ ಹರಟೆ. ಆಮೇಲೆ ಜೀ ಟಿವಿಯ ಹಿಂದಿಯಲ್ಲಿ ಫಾರೂಖ್ ಶೇಖ್ ನಡೆಸಿದ 'ಜೀನಾ ಇಸೀ ಕಾ ನಾಮ್ ಹೈ' ಬಂತು. ಹಳೇ ಮೇಷ್ಟ್ರು, ಹಳೇ ಗೆಳೆಯರನ್ನು ಕರೆಸುವ ಉಪಾಯ ಅಲ್ಲೇ ಇತ್ತು. ಅದರ ಮೂಲ ಹುಡುಕಿದರೆ ಅಮೆರಿಕ. ರಾಲ್ಫ್ ಎಡ್ವರ್ಡ್ಸ್ ಎಂಬಾತ 1948ರಲ್ಲಿ ರೇಡಿಯೋದಲ್ಲಿ ತೊಡಗಿ 1952ರಲ್ಲಿ ಟಿವಿಗೆ ತಂದ 'ದಿಸ್ ಈಸ್ ಯುವರ್ ಲೈಫ್'. 1961ಕ್ಕೆ ನಿಂತಿತು. 1971ರಲ್ಲಿ ಅದನ್ನೇ ಮತ್ತೆ ಎಬ್ಬಿಸಿ ಊರೂರಿನ ಸ್ಟೇಷನ್ನುಗಳಿಗೆ ಬಿಡಿಬಿಡಿಯಾಗಿ ಮಾರಿದರು. ಕಣ್ಣೀರು ಕೂಡ ಸಂತೆಯ ಸರಕು ಅಂತ ಅವರಿಗೆ ನಮಗಿಂತ ಮುಂಚೆ ತಿಳಿದಿತ್ತು.

ಈ ಅಮೆರಿಕದ ಕಾರ್ಯಕ್ರಮದ ಒಂದು ರಾತ್ರಿಯ ಕತೆ ಹೇಳುತ್ತೇನೆ. 1955ರ ಮೇ 11. ಕೂತಿದ್ದವರು ಹಿರೋಷಿಮಾದ ಪಾದ್ರಿ ಕಿಯೋಶಿ ತಾನಿಮೋಟೊ, ಬಾಂಬಿನಿಂದ ಬದುಕುಳಿದವರು. ಬೆಂದ ಮುಖದ ಹೆಣ್ಣುಮಕ್ಕಳಿಗೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲು ಇಪ್ಪತ್ತೈದು ಜನರನ್ನು ಕರೆದುಕೊಂಡು ಬಂದಿದ್ದರು. ಅವರಲ್ಲಿ ಇಬ್ಬರನ್ನು ಮುಖ ಕಾಣದ ಹಾಗೆ ಪರದೆ ಹಿಂದೆ ನೆರಳಾಗಿ ನಿಲ್ಲಿಸಿದರು. ಆಮೇಲೆ ಒಂದು ದನಿ ಕೇಳಿಸಿ ಒಬ್ಬ ಮನುಷ್ಯ ಹೊರಗೆ ಬಂದ. ಬಾಂಬು ಹಾಕಿದ 'ಎನೋಲಾ ಗೇ' ವಿಮಾನದ ಸಹಚಾಲಕ ರಾಬರ್ಟ್ ಲೂಯಿಸ್! ದೇವರೇ, ನಾವು ಇದೇನು ಮಾಡಿಬಿಟ್ಟೆವು ಎಂದು ಅಂದು ಬರೆದುಕೊಂಡಿದ್ದೆ ಅಂತ ತಡವರಿಸಿ ಹೇಳಿದ. ಪಾದ್ರಿ ಅವನ ಕೈ ಕುಲುಕಿದರು. ಕಾರ್ಯಕ್ರಮದ ಪ್ರಾಯೋಜಕರು ಹೇಜಲ್ ಬಿಷಪ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿಯವರು. ಅದೇ ಹೊತ್ತಿನಲ್ಲಿ ಉಗುರು ಬಣ್ಣದ ಜಾಹೀರಾತೂ ಬಂತು.

ಲೂಯಿಸ್ ಸಂಕಟಪಟ್ಟದ್ದು ಸುಳ್ಳಿರಲಾರದು. ಆದರೆ ಬಾಂಬು ಹಾಕಿಸಿದ ಸರ್ಕಾರ ಆ ಪರದೆ ಹಿಂದೆ ಇರಲಿಲ್ಲ. ಒಂದು ದೇಶ ಇನ್ನೊಂದು ಊರಿಗೆ ಮಾಡಿದ್ದು ಅರ್ಧ ಗಂಟೆಯಲ್ಲಿ ಇಬ್ಬರು ಗಂಡಸರ ಕೈಕುಲುಕಾಗಿ ಮುಗಿಯಿತು. ಸಾಧಕರ ಕುರ್ಚಿ ಇದೇ ಮರದಲ್ಲಿ ಮಾಡಿದ್ದು.

ಅದೇ ಜೀ ಕನ್ನಡದಲ್ಲಿ ಇನ್ನೊಂದು ಕುರ್ಚಿಯೂ ಇತ್ತು. ಮಾಳವಿಕಾ ಅವಿನಾಶ್ ನಡೆಸುತ್ತಿದ್ದ 'ಬದುಕು ಜಟಕಾ ಬಂಡಿ'. ಹೆಸರನ್ನು ಡಿವಿಜಿಯವರ ಕಗ್ಗದಿಂದ ಎತ್ತಿದ್ದು, ಅದೂ ವಿಧಿಯ ಮಾತಾಡುವ ಪದ್ಯದಿಂದ. ಗಂಡ ಬಿಟ್ಟವಳು, ಗಂಡನನ್ನು ಬಿಟ್ಟವಳು, ಅತ್ತೆ, ಮೈದುನ, ಸಾಲ, ಕುಡಿತ. ಇಲ್ಲಿಯೂ ಅಳು, ಇಲ್ಲಿಯೂ ಪರದೆ ಆಚೆಯಿಂದ ಜನ ಬರುತ್ತಾರೆ. ಅಲ್ಲಿ ಕಣ್ಣೀರಿಗೆ ಚಪ್ಪಾಳೆ, ಇಲ್ಲಿ ಪಾಟೀಸವಾಲು. ಕೋರ್ಟಿಗೆ ಅಲೆಯಲು ಕಾಸಿಲ್ಲದ ಹೆಂಗಸು ಟಿವಿ ಮುಂದೆ ಮಾನ ಹರಾಜಿಗಿಟ್ಟು ನ್ಯಾಯ ಕೇಳಬೇಕಾಯಿತಲ್ಲ, ಅದಕ್ಕೂ ವಿಧಿಯೇ ಹೊಣೆಯೇ? ಗೆದ್ದ ಬಡವನಿಗೆ ಒಂದು ಕುರ್ಚಿ, ಸೋತ ಬಡವಳಿಗೆ ಒಂದು ಕಟಕಟೆ. ಒಂದೇ ಅಂಗಡಿಯ ಎರಡು ಗಲ್ಲಾಪೆಟ್ಟಿಗೆ.

ಇನ್ನೊಂದು ಮಾತು. ನಾಲ್ಕನೇ ಸೀಸನ್ನು 2019ರಲ್ಲಿ ಶುರುವಾದಾಗ ಮೊದಲ ಅತಿಥಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು. ನಮ್ಮಂಥವರಿಗೆ ಧರ್ಮಸ್ಥಳ ಅಂದಕೂಡಲೆ ನೆನಪಾಗುವುದು ಅದಕ್ಕೆ ನಲವತ್ತು ವರ್ಷ ಹಿಂದಿನ ಸಾಹಿತ್ಯ ಸಮ್ಮೇಳನ. ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂದರೆ ಪರಿಷತ್ತು ಕೊಡಲಿಲ್ಲ. ಆ ಸಿಟ್ಟಿಗೆ 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಇಂಥ ಸಣ್ಣ ಪತ್ರಿಕೆಗಳ ಉಸಿರು ಅಲ್ಲಿಯದು. ಗೋಷ್ಠಿ ಕೊಡದಿದ್ದ ತಪ್ಪು ಪರಿಷತ್ತಿನದು, ಅತಿಥಿಯದಲ್ಲ. ಆದರೂ ಒಂದು ಊರಿನ ನೆನಪು ತೆಗೆಯುವಾಗ ಯಾವ ನೆನಪು ತೆಗೆಯಬೇಕು ಅಂತ ಗೊತ್ತುಮಾಡುವವರು ಯಾರು? ಈ ಕುರ್ಚಿಗೆ ಹಿತವಾದದ್ದನ್ನಷ್ಟೇ ನೆನೆಯುವ ಚಾಳಿ.

ಒಂದು ಭಾನುವಾರ ಯಾರದೋ ಮೇಷ್ಟ್ರು ಬಂದು ಶಿಷ್ಯನನ್ನು ಅಪ್ಪಿ ಅಳುತ್ತಿದ್ದರು. ಅವ್ವ ಸೊಪ್ಪು ಬಿಡಿಸುತ್ತಾ ಕೇಳಿದಳು: 'ಲೋ ಮಗ, ನೀನು ಅಲ್ಲಿ ಕುಂತ್ರೆ ನಿಮ್ ಮೇಷ್ಟ್ರುನ್ನೂ ಕರಸ್ತಾರೇನ್ಲಾ?'

ನನ್ನ ಮೇಷ್ಟ್ರು ಮೂರು ವರ್ಷ ನನ್ನನ್ನು ಚಪ್ಪಲಿ ಬಿಡುವ ಬಾಗಿಲ ಹತ್ತಿರ ಕೂರಿಸಿದವರು. ನೋಟ್ಸು ತಿದ್ದಿ ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು. ಅವರು ಪರದೆಯಿಂದ ಹೊರಬಂದು 'ಇವನು ಚುರುಕು ಅಂತ ನಂಗಾಗ್ಲೇ ಗೊತ್ತಿತ್ತು' ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಎದ್ದು ಕಾಲಿಗೆ ಬೀಳಬೇಕು. ಬೀಳದಿದ್ದರೆ ನಾನೇ ಅಹಂಕಾರಿ, ನನ್ನ ಕಂತೇ ಕೆಟ್ಟಿತು.

'ಬಂದ್ರೆ ಏನ್ ಮಾಡ್ಲವ್ವ?' ಅಂದೆ.

'ಏನ್ ಮಾಡದು. ಬಾಗ್ಲತ್ರ ಯಾಕ್ ಕೂರುಸ್ತಿದ್ರಿ ಸಾ, ಅಂತ ಆ ರಮೇಶಪ್ಪುನ್ ಕೈಲೇ ಕೇಳ್ಸು' ಅಂದಳು.