ಪ್ಲೇಟು ತಿರುವಿ ಹಾಕುವ ಹೊತ್ತು

ನಮ್ಮಲ್ಲಿ ಸಂಗೀತ ವಿಮರ್ಶೆ ಎಂಬುದು ಸಭೆಯ ಮುಂದಿನ ಸಾಲು ಬಿಟ್ಟು ಇನ್ನೂ ಎದ್ದಿಲ್ಲ. ರಾಗ, ತಾಳ, ಶ್ರುತಿಶುದ್ಧಿ ಎಂದು ಪುಟಗಟ್ಟಲೆ ಬರೆಯುವವರಿದ್ದಾರೆ. ನಂಜನಗೂಡಿನ ತೇರಿನ ಬೀದಿಯಲ್ಲಿ, ಮುಡುಕುತೊರೆಯ ಜಾತ್ರೆ ಮಾಳದಲ್ಲಿ, ನಮ್ಮ ಕೇರಿಗಳ ಮದುವೆ ಚಪ್ಪರದಲ್ಲಿ ಜನ ಏನು ಕೇಳಿದರು, ಯಾರು ಕೇಳಿಸಿದರು ಎಂದು ಇವರು ಒಂದು ಸಾಲು ಬರೆದದ್ದನ್ನು ನಾನಂತೂ ಕಂಡಿಲ್ಲ. ಕೇಳಿಸಿದವನು ಮೈಕ್‌ಸೆಟ್ಟಿನವನು. ಯಾವ ಹಾಡಾದ ಮೇಲೆ ಯಾವ ಹಾಡು, ಹೆಣ್ಣು ಚಪ್ಪರಕ್ಕೆ ಬರುವಾಗ ಯಾವುದು, ಪಂಕ್ತಿ ಏಳುವಾಗ ಯಾವುದು, ಎಲ್ಲ ಅವನ ತೀರ್ಮಾನ. ಇವತ್ತು ಅಂಥವನನ್ನು ಡಿ.ಜೆ. ಅಂತಾರೆ. ಅವನು ವಿಮರ್ಶಕನಲ್ಲದೆ ಮತ್ತೇನು?

ನಾನು ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರು ನರಸೀಪುರ, ನಂಜನಗೂಡು ನಡುವಿನ ಹಳ್ಳಿಗಳಲ್ಲಿ ಎಪ್ಪತ್ತರ ದಶಕದಿಂದ ಮೈಕ್‌ಸೆಟ್ ಇಟ್ಟವರು. ಅವರಪ್ಪ ತಮಟೆಯವರು. ಹಬ್ಬಕ್ಕೂ ಹೆಣಕ್ಕೂ ಕರೆ ಬಂದರೆ ಹೋಗಲೇಬೇಕು, ಕೂಲಿ ಎಂದರೆ ಒಂದಿಷ್ಟು ಹೆಂಡ, ಮುದ್ದೆ, ಮೊರದಲ್ಲಿ ಉಳಿದ ಕಾಳು. ಮಗ ಆ ತಮಟೆಯನ್ನು ಗೋಡೆಗೆ ತಗುಲಿಹಾಕಿ ಪ್ಲೇಟು ಹಿಡಿದರು. ಯಾಕೆ ಎಂದು ಕೇಳಿದೆ. "ಚರ್ಮ ಮುಟ್ಟಿದ್ರ ಮೈಲ್ಗೆ ಅನ್ನೋರು. ಪ್ಲೇಟ್ ಮುಟ್ಟಿದ್ರ ಯಾರೂ ಏನೂ ಅನ್ನಿಲ್ಲ ಕನ್ ಮೊಗ" ಎಂದರು.

ಈ ಮಾತನ್ನು ವಿಮರ್ಶೆಯ ಪುಸ್ತಕಗಳಲ್ಲಿ ಹುಡುಕಬೇಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಪ್ಲೇಟು ಮಾಡಿಸಿದರು, 1908ರಲ್ಲಿ ಅಲ್ಲಿನ ಸಿಯಾಲ್ದಾದಲ್ಲಿ ಪ್ಲೇಟಿನ ಕಾರ್ಖಾನೆ ಬಂತು ಎಂದು ಚರಿತ್ರೆ ಹೇಳುತ್ತದೆ, ನಿಜ. ಆದರೆ ಹುಳು ಉಗುಳಿದ ಅರಗಿನಿಂದ ಮಾಡಿದ ಆ ಕರೀ ತಟ್ಟೆ ಮನುಷ್ಯನ ದನಿಯನ್ನು ಮನುಷ್ಯನ ಮೈಯಿಂದ ಬಿಡಿಸಿತಲ್ಲ, ಅದು ಜಾತಿಯ ಊರಲ್ಲಿ ಏನು ಮಾಡಿತು? ಹೊಲಗೇರಿಯ ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನ ದನಿ ಮೇಲುಕೇರಿಯ ನಡುಮನೆಗೆ ಕಾಲು ತೊಳೆಯದೆ ಹೋಯಿತು. ತಡೆಯುವವರು ತಡೆಯಲಾರದೆ ಹಾರ್ನಿನ ಮುಖ ತಿರುಗಿಸಲು ನಿಂತರು. ನಾನು ಹುಡುಗನಾಗಿದ್ದಾಗ ಒಂದು ಊರಹಬ್ಬದಲ್ಲಿ ವಂತಿಗೆ ಎಲ್ಲರ ಮನೆಯಿಂದ ಎತ್ತಿದರು, ಎರಡು ಹಾರ್ನೂ ಮೇಲುಬೀದಿಗೆ ಮುಖ ಮಾಡಿದ್ದವು. ನಮಗೆ ಹಾಡಿನ ಬೆನ್ನು ಕೇಳಿಸುತ್ತಿತ್ತು.

ಹಾಗೆಂದು ಯಂತ್ರವನ್ನು ತಲೆಮೇಲೆ ಹೊರಬೇಕಾಗಿಲ್ಲ. 78ರ ವೇಗದ ಹಳೆ ಪ್ಲೇಟು ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಆಮೇಲೆ ಎತ್ತಿ ತಿರುವಿ ಹಾಕಬೇಕು. ಆ ಹೊತ್ತಿನಲ್ಲಿ ಚಪ್ಪರದೊಳಗಿನ ಮಾತು, ಮಕ್ಕಳ ಅಳು, ಸೋಬಾನೆಯ ಒಂದು ನುಡಿ ಕೇಳಿಸುತ್ತಿತ್ತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜಮೈಕದಿಂದ ಬಂದ ಕೂಲ್ ಹರ್ಕ್ ಎಂಬ ಕಪ್ಪು ಹುಡುಗ ಎರಡು ಯಂತ್ರ ಪಕ್ಕಪಕ್ಕ ಇಟ್ಟು, ಒಂದೇ ಪ್ಲೇಟಿನ ಎರಡು ಪ್ರತಿಗಳಿಂದ ಬರೀ ಬಡಿತದ ತುಂಡನ್ನು ಮತ್ತೆ ಮತ್ತೆ ನುಡಿಸಿ ಕುಣಿತವನ್ನು ನಿಲ್ಲದಂತೆ ಮಾಡಿದ. ಅದು ದೊಡ್ಡ ಕೆಲಸವೇ. ಆದರೆ ನಮ್ಮ ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಲಾರಿ ತುಂಬ ಬಾಕ್ಸ್ ಪೇರಿಸಿ ಎದೆಗೂಡು ನಡುಗುವಂತೆ ಬಾರಿಸುವಾಗ, ಬಾಬಾಸಾಹೇಬರ ಒಂದು ಮಾತು ಕಿವಿಗೆ ಬೀಳುವಷ್ಟು ಸಂದಾದರೂ ಬೇಡವೇ? ಕುಣಿಯಬಾರದೆಂದು ನಾನು ಹೇಳುತ್ತಿಲ್ಲ. ಕುಣಿತ ನಮ್ಮದೇ. ಲಾರಿಯ ಹಿಂದೆ ತಮಟೆಯವರು ಸುಮ್ಮನೆ ನಡೆದು ಬರುವುದನ್ನು ನೋಡಿ ಹೇಳುತ್ತಿದ್ದೇನೆ.

ದೊಡ್ಡಪ್ಪನ ಮೊಮ್ಮಗ ಡಿ.ಜೆ. ಅವನಿಂದ ಈ ಮುದುಕರಿಗೆ ಹೊಸ ರುಚಿ ಹತ್ತಿದೆ. ಅಮೆರಿಕದ ಹೌಸ್ ಸಂಗೀತ, ಅದರಲ್ಲೂ 'ಸೋಲ್' ಇರುವುದು. ಸೋಲ್ ಎಂಬುದಕ್ಕೆ ಆತ್ಮ ಎಂದರೆ ಕೆಲಸ ಕೆಡುತ್ತದೆ. ಆತ್ಮ ನಮ್ಮಲ್ಲಿ ಆಚಾರ್ಯರ ಪಾಲಾಗಿ ಹೋಗಿದೆ. ಕರುಳು ಎನ್ನಬೇಕು. ಈ ಸಂಗೀತ ಬೆಳೆದದ್ದು ಷಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ. ಫ್ರಾಂಕಿ ನಕಲ್ಸ್ ಎಂಬವನು ಅಲ್ಲಿ ಪ್ಲೇಟು ಹಾಕುತ್ತಿದ್ದ. ಕುಣಿಯಲು ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಜನ, ಲ್ಯಾಟಿನೋ ಜನ, ಅವರಲ್ಲೂ ಊರು ಹೊರಗಿಟ್ಟ ಸಲಿಂಗಿಗಳು. ಅದೇ ಷಿಕಾಗೋದಲ್ಲಿ 1979ರ ಜುಲೈ 12ರಂದು ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಪ್ಲೇಟುಗಳನ್ನು ಪೆಟ್ಟಿಗೆಗೆ ತುಂಬಿ ಸಿಡಿಸಿದರು. ಪ್ಲೇಟು ತಂದವರಿಗೆ 98 ಸೆಂಟಿಗೆ ಒಳಗೆ ಪ್ರವೇಶ. ಅಲ್ಲಿ ಟಿಕೆಟ್ ನೋಡಿ ಜನರನ್ನು ಕೂರಿಸುವ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗ, ಡಿಸ್ಕೋ ಅಲ್ಲದ ಕಪ್ಪು ಗಾಯಕರ ಪ್ಲೇಟುಗಳೂ ಆ ರಾಶಿಗೆ ಬಂದದ್ದನ್ನು ಆಮೇಲೆ ಹೇಳಿದ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಮನುಸ್ಮೃತಿ ಸುಟ್ಟರು. ಬೆಂಕಿ ಬೆಂಕಿಯೇ ಎನ್ನುವ ಉದಾರವಾದಿ ಗೆಳೆಯರು ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ. ಒಂದರಲ್ಲಿ ಉರಿದದ್ದು ತುಳಿಯುವ ಕಟ್ಟಳೆ, ಇನ್ನೊಂದರಲ್ಲಿ ತುಳಿತಕ್ಕೊಳಗಾದವರ ಹಾಡು.

ನಮ್ಮ ದೇಶದಲ್ಲೂ ಇಂಥ ಒಂದು ಪ್ಲೇಟು ಬಂದಿತ್ತು. 1982ರಲ್ಲಿ ಬೊಂಬಾಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ರೋಲ್ಯಾಂಡ್ ಯಂತ್ರಗಳಲ್ಲಿ ಡಿಸ್ಕೋ ಬಡಿತಕ್ಕೆ ಕೂರಿಸಿದರು. ಆಗ ಕೇಳುವವರಿರಲಿಲ್ಲ. 2010ರಲ್ಲಿ ಹೊರದೇಶದಲ್ಲಿ ಮತ್ತೆ ಅಚ್ಚಾದ ಮೇಲೆ, ಷಿಕಾಗೋದವರಿಗಿಂತ ಮೊದಲೇ ಆಸಿಡ್ ಹೌಸ್ ಮಾಡಿದವನು ಎಂದು ಹೊಗಳಿದರು. ಅವರು ಹೊಗಳಿದ ಮೇಲೆ ನಮಗೂ ಕಿವಿ ಬಂತು! ಕೇಳಿದೆ. ಜಾಣ ಕೆಲಸ, ಸಂಶಯವಿಲ್ಲ. ಆದರೆ ರಾಗ ಸಭೆಯಿಂದ ಎದ್ದು ಬಂದರೂ ಬೀದಿಗೆ ಇಳಿದಿಲ್ಲ, ಹೊಸಿಲಲ್ಲೇ ನಿಂತಿದೆ ಎನಿಸಿತು. ದೊಡ್ಡಪ್ಪ ಇನ್ನೂ ಚಿಕ್ಕದಾಗಿ ಹೇಳಿದರು: "ಬೆರಳು ಚೆನ್ನಾಗಿ ಓಡ್ತದ, ಬೆವ್ರಿಲ್ಲ."

ಆಮೇಲೆ ಮೊಮ್ಮಗ ಲ್ಯಾರಿ ಹರ್ಡ್‌ನ 1986ರ 'ಕ್ಯಾನ್ ಯು ಫೀಲ್ ಇಟ್' ಹಾಕಿದ. ಅದೂ ಬರೀ ಯಂತ್ರವೇ. ಚರ್ಮ ಇಲ್ಲ, ಕಡ್ಡಿ ಇಲ್ಲ. ಮುದುಕರು ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಎರಡು ಬೆರಳಲ್ಲಿ ತಟ್ಟುತ್ತಾ, "ಇವ್ನು ಬಡ್ದಿರೋ ಕೈ ಕನ್ ಮೊಗ" ಎಂದರು. ಲ್ಯಾರಿ ಹರ್ಡ್ ಮೊದಲು ಡ್ರಮ್ ಬಾರಿಸುತ್ತಿದ್ದವನು ಎಂಬುದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವರು ಅದಕ್ಕೆ ಹಿಗ್ಗಲಿಲ್ಲ. "ದುಡ್ ಕೊಟ್ರಾ ಅವ್ನ್ಗ?" ಎಂದರು.

ಕೊಟ್ಟಿರಲಿಲ್ಲ ಎಂದು ಅವನೂ ಗಾಯಕ ರಾಬರ್ಟ್ ಓವನ್ಸ್ ಎಂಬವನೂ ತಮ್ಮ ಪ್ಲೇಟಿನ ಕಂಪನಿಯ ಮೇಲೆ 2020ರಲ್ಲಿ ನ್ಯಾಯಾಲಯಕ್ಕೆ ಹೋದರು, 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಅವರ ಕೈಗೆ ಮರಳಿತು ಎಂದೆ. ಲೆಕ್ಕ ಹಾಕಿದರೆ ಮೂವತ್ತಾರು ವರ್ಷ. ದೊಡ್ಡಪ್ಪ ಗೋಡೆಯ ತಮಟೆ ಕಡೆ ಒಮ್ಮೆ ನೋಡಿ, "ನಮ್ಮಪ್ಪನ್ದು ಇನ್ನೂ ಬಾಕಿ ಅದ" ಅಂದು, ಅದನ್ನೇ ಇನ್ನೊಂದು ಸಲ ಹಾಕೆಂದು ಮೊಮ್ಮಗನಿಗೆ ಹೇಳಿದರು.