ಮೊರೆಲ್ ಮನೆಯ ಲೆಕ್ಕ: ಗಣಿ ಊರಿನ ಸಂಸಾರ, ಪ್ರೀತಿ ಮತ್ತು ಮಾತು

ಡಿ. ಎಚ್. ಲಾರೆನ್ಸ್‌ನ ‘ಸನ್ಸ್ ಅಂಡ್ ಲವರ್ಸ್’ (1913) ಕಾದಂಬರಿಯನ್ನು ನಾವು ಸಾಮಾನ್ಯವಾಗಿ ತಾಯಿ-ಮಗನ ಕಥೆ ಅಂತ ಓದ್ತೀವಿ. ಫ್ರಾಯ್ಡ್ ಹೆಸರು ಬಂತೆಂದರೆ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಆದರೆ ಇಲ್ಲಿ ಪ್ರೀತಿ ಬಿರುಕು ಬಿಡುವುದು ಮನಸ್ಸಿನಲ್ಲಿ ಮಾತ್ರವಲ್ಲ, ಸಂಬಳದಲ್ಲಿ ಮತ್ತು ಮಾತಿನಲ್ಲಿ ಕೂಡ ಎಂಬುದು ನನ್ನ ವಾದ.

ಮೊದಲು ಸಂಬಳ. ಲಾರೆನ್ಸ್ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. 1885ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಈಸ್ಟ್‌ವುಡ್‌ನಲ್ಲಿ ಹುಟ್ಟಿದವನು. ಅಂಥ ಮನೆಯ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತು. ವಾಲ್ಟರ್ ಮೊರೆಲ್ ವಾರಕ್ಕೆ 40 ಶಿಲ್ಲಿಂಗ್ ದುಡಿದರೆ 10 ತಾನಿಟ್ಟುಕೊಳ್ಳುತ್ತಾನೆ, 35 ದುಡಿದರೆ 5. ಅಂದರೆ ಎರಡು ವಾರವೂ ಹೆಂಡತಿಯ ಕೈಗೆ ಬರುವುದು 30 ಮಾತ್ರ. ದುಡಿಮೆ ಹೆಚ್ಚಿದ್ದು ಪಬ್ಬಿಗೆ ಗೊತ್ತಾಗುತ್ತದೆ, ಅಡುಗೆಮನೆಗೆ ಗೊತ್ತಾಗುವುದಿಲ್ಲ. ಕಷ್ಟಕಾಲ ಅಂದ್ರೆ ಕೆಲಸ ಇಲ್ಲದ ಕಾಲ ಅಂದುಕೊಳ್ಳುವ ನಮಗೆ ಇದು ಬೇರೆಯದನ್ನು ಹೇಳುತ್ತದೆ: ಒಳ್ಳೆಯ ವಾರದಲ್ಲೂ ಮನೆಯೊಳಗೆ ಬಡತನ ಹಾಗೇ ಉಳಿಯಬಹುದು.

ಹಾಗಂತ ಮೊರೆಲ್ ಬರೀ ಕುಡುಕನಲ್ಲ. ಕಲ್ಲಿದ್ದಲು ಸಿಡಿಸುವುದಕ್ಕೆ ಗೋಧಿ ಹುಲ್ಲಿನ ಕಡ್ಡಿಗೆ ಮದ್ದು ತುಂಬಿ ಬತ್ತಿ ಮಾಡುತ್ತಾ ಕೂತಾಗ ಮಕ್ಕಳು ಅವನ ಸುತ್ತ ಸೇರುತ್ತಾರೆ. ನಿರೂಪಕ ಬಹುಮಟ್ಟಿಗೆ ತಾಯಿಯ ಪಕ್ಷ. ಆದರೂ ಈ ದೃಶ್ಯವನ್ನು ಬಿಟ್ಟಿಲ್ಲ. ಕೆಲಸ ಕೈಯಲ್ಲಿದ್ದಾಗ ಅಪ್ಪ ಮಕ್ಕಳಿಗೆ ಸಿಗುತ್ತಾನೆ.

ಉಳಿದ ಹೊತ್ತು ಯಾಕೆ ಸಿಗುವುದಿಲ್ಲ? ಇಲ್ಲಿ ಮಾತು ಬರುತ್ತದೆ. ಮೊರೆಲ್‌ನದು ಗಣಿ ಊರಿನ ಆಡುನುಡಿ, ಹೆಂಡತಿಯದು ಓದಿದವರ ಇಂಗ್ಲಿಷ್. ಮಕ್ಕಳು ಓದಿ ಮೇಲೆ ಬಂದಷ್ಟೂ ಅಪ್ಪನ ಮಾತಿನಿಂದ ದೂರ ಸರಿಯುತ್ತಾರೆ. ಆದರೆ ಕ್ಲಾರಾಳ ಜೊತೆಗಿನ ಪ್ರೀತಿಯ ಗಳಿಗೆಯಲ್ಲಿ ಪೌಲ್ ಅದೇ ಆಡುನುಡಿಗೆ ಜಾರುತ್ತಾನೆ, ನೋಡಿ. ತಿರಸ್ಕರಿಸಿದ ಅಪ್ಪ ಮಗನ ನಾಲಿಗೆಯಲ್ಲಿ ಉಳಿದಿದ್ದಾನೆ. ತಾಯಿ-ಮಗನ ಓದಿಗೆ ಈ ಜಾಗ ದಕ್ಕುವುದಿಲ್ಲ.

ಇದು ನಮಗೆ ಯಾಕೆ ಬೇಕು? 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಆ ಕಡೆ ಹೋಯಿತು. ಭೈರವಾನಿತಿಪ್ಪದ ಕಡೆಯ ಕನ್ನಡ ಮನೆಗಳಲ್ಲಿ ಅಡುಗೆಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ಕೋಲಾರ ಚಿನ್ನದ ಗಣಿಯಲ್ಲಿ ಇದು ತಿರುಗುಮುರುಗು. ನೆಲ ಕನ್ನಡದ್ದು, 2001ರಲ್ಲಿ ಗಣಿ ಮುಚ್ಚುವವರೆಗೂ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರ ಮನೆಮಾತು ತಮಿಳು, ತೆಲುಗು. ನಾವು ಸಾಹಿತ್ಯವನ್ನು ಭಾಷೆಯ ಗೆರೆಯೊಳಗಷ್ಟೇ ಹುಡುಕಿದರೆ ಆ ಲೈನ್ ಮನೆಗಳ ಸಂಸಾರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದೇ ಗೆರೆಯನ್ನು ರಾಜ್ಯದ ಗಡಿ ಅಂತ ಹಿಡಿದರೆ ರಾಯದುರ್ಗದ ಕನ್ನಡವೂ ಹೊರಗುಳಿಯುತ್ತದೆ.

ಆದ್ದರಿಂದ ಗಡಿ ಸಾಹಿತ್ಯ ಎನ್ನುವಾಗ ಕೋಲಾರದ ಗಣಿ ಮನೆಗಳ ತಮಿಳು, ತೆಲುಗು ನೆನಪುಗಳನ್ನೂ ಅನುವಾದಿಸಿ ಜೊತೆಗಿಟ್ಟು ಓದೋಣ ಎಂಬುದು ನನ್ನ ಸಲಹೆ. ಯಾರು ಎಷ್ಟು ದುಡಿದರು, ಮನೆಗೆ ಎಷ್ಟು ಬಂತು, ಯಾವ ಮಾತಿನಲ್ಲಿ ಜಗಳ ಆಡಿದರು ಎಂಬುದನ್ನು ಕೇಳದೆ ಆ ಸಂಸಾರಗಳ ಪ್ರೀತಿ ನಮಗೆ ಅರ್ಥವಾಗಲಾರದು.